ಪಿ.ಬಿ. ರಸ್ತೆಗೆ ಲ್ಯಾಂಬೊರ್ಗಿನಿ ಬಂದಾಗ: ಊರ ಟ್ರಾಫಿಕ್ ನಡುವೆ ಸೂಪರ್‌ಕಾರ್ ಫೋಟೊ ತೆಗೆಯುವ ಬಗೆ

ಬರೀ ಕಾರಿನ ಚಿತ್ರ ಬೇಕಿದ್ದರೆ ಕಂಪನಿಯವರೇ ಸ್ಟುಡಿಯೊ ಬೆಳಕಿನಲ್ಲಿ, ಖಾಲಿ ಘಾಟಿ ರಸ್ತೆಯಲ್ಲಿ ಬೇಕಾದಷ್ಟು ತೆಗೆಸಿ ಹಾಕಿದ್ದಾರೆ. ಆ ಕೆಲಸದಲ್ಲಿ ಅವರನ್ನು ಮೀರಿಸಲು ಹೋಗುವುದು ದಂಡ. ಅವರ ಬಳಿ ಇಲ್ಲದ ಚಿತ್ರ ಬೇರೆ ಇದೆ: ದಾವಣಗೆರೆಯ ಅರುಣ ಸರ್ಕಲ್ಲಿನಲ್ಲಿ ಮುಂದೆ ಮೆಕ್ಕೆಜೋಳದ ಟ್ರ್ಯಾಕ್ಟರ್, ಪಕ್ಕದಲ್ಲಿ ಟಿವಿಎಸ್ ಎಕ್ಸೆಲ್, ಹಿಂದೆ ಕೆಂಪು ಬಸ್ಸು, ನಡುವೆ ಸೊಂಟದೆತ್ತರಕ್ಕೇ ಮುಗಿದುಹೋಗುವ ಹಳದಿ ಲ್ಯಾಂಬೊರ್ಗಿನಿ. ಇಲ್ಲಿ ಹೇಳುವುದೆಲ್ಲ ಈ ಒಂದು ಲೆಕ್ಕದ ಮೇಲೆಯೇ ನಿಂತಿದೆ. ರಸ್ತೆ ಖಾಲಿಯಾಗಲಿ ಎಂದು ಕಾಯಬೇಡಿ, ಸರಿಯಾದ ಗಾಡಿ ಕಾರಿನ ಪಕ್ಕಕ್ಕೆ ಬರಲಿ ಎಂದು ಕಾಯಿರಿ. ಎಲ್ಲಿ ನಿಲ್ಲಬೇಕು, ಯಾವ ಲೆನ್ಸ್ ಹಾಕಬೇಕು, ಷಟರ್ (ಕ್ಯಾಮೆರಾ ಬೆಳಕನ್ನು ಒಳಬಿಡುವ ಹೊತ್ತು) ಎಷ್ಟಿರಬೇಕು ಎಂಬುದೆಲ್ಲ ಅದರ ಮೇಲೇ ತೀರ್ಮಾನವಾಗುತ್ತದೆ.

ಎಲ್ಲಿಂದ ಬರುತ್ತವೆ, ಯಾವ ಹೊತ್ತಿಗೆ

ಈ ಕಡೆ ಕಾಣುವ ಸೂಪರ್‌ಕಾರುಗಳಲ್ಲಿ ಬಹಳಷ್ಟು ದಾರಿಹೋಕರವು. ಬೆಂಗಳೂರಿನಿಂದ ಗೋವಾ, ಪುಣೆ ಕಡೆ ಹೊರಟವರು ರಾಷ್ಟ್ರೀಯ ಹೆದ್ದಾರಿ 48 ಹಿಡಿದು ತುಮಕೂರು, ಹಿರಿಯೂರು, ಚಿತ್ರದುರ್ಗ, ದಾವಣಗೆರೆ ದಾಟಿ ಹುಬ್ಬಳ್ಳಿಗೆ ಹೋಗುತ್ತಾರೆ. ಹಂಪಿಗೆ ಹೋಗುವವರು ಚಿತ್ರದುರ್ಗದಲ್ಲಿ ಹೆದ್ದಾರಿ 50ಕ್ಕೆ ತಿರುಗುತ್ತಾರೆ. ಶನಿವಾರ ನಸುಕಿನಲ್ಲಿ ಐದಕ್ಕೆ ಬೆಂಗಳೂರು ಬಿಟ್ಟವರು ಸುಮಾರು 200 ಕಿ.ಮೀ. ದೂರದ ಚಿತ್ರದುರ್ಗಕ್ಕೆ ಎಂಟರ ಆಸುಪಾಸಿಗೆ, ದಾವಣಗೆರೆಗೆ ಇನ್ನೊಂದು ಮುಕ್ಕಾಲು ಗಂಟೆಗೆ ಬರುತ್ತಾರೆ. ಸಾಲು ರಜೆ ಇರುವ ವಾರಾಂತ್ಯವಾದರೆ ನಾಲ್ಕೈದು ಕಾರು ಒಟ್ಟಿಗೇ ಬರುವುದುಂಟು. ಮರಳುವುದು ಭಾನುವಾರ ಮಧ್ಯಾಹ್ನದ ಮೇಲೆ.

ಹೆದ್ದಾರಿಯಲ್ಲಿ ಅವು ಓಡುವ ವೇಗಕ್ಕೆ ನಮಗೆ ಸಿಗುವುದು ಬರೀ ಸದ್ದು. ಅವು ನಿಧಾನವಾಗುವ ಜಾಗ ಹುಡುಕಿ. ಇಂತಹ ಕಾರಿನ ಟ್ಯಾಂಕು 80 ಲೀಟರ್ ಹಿಡಿದರೂ ಲೀಟರಿಗೆ ಆರೇಳು ಕಿ.ಮೀ. ಮಾತ್ರ ಕೊಡುವುದರಿಂದ ಬೆಂಗಳೂರಿನಿಂದ 260 ಕಿ.ಮೀ. ಬಂದ ಮೇಲೆ ಪ್ರೀಮಿಯಂ ಪೆಟ್ರೋಲ್ ಇರುವ ಬಂಕ್ ಕಂಡರೆ ಚಾಲಕರು ಬಿಡುವುದಿಲ್ಲ. ಎರಡನೆಯ ಕಾರಣ ಹೊಟ್ಟೆ. ಬೆಣ್ಣೆ ದೋಸೆಗೆಂದು ಹೆದ್ದಾರಿ ಬಿಟ್ಟು ಊರೊಳಗೆ ಇಳಿದರೆ ಅಲ್ಲಿಗೆ ಕಾರು ನಮ್ಮ ಕೈಗೆ ಸಿಕ್ಕಂತೆ: ಪಿ.ಬಿ. (ಪುಣೆ-ಬೆಂಗಳೂರು) ರಸ್ತೆ, ಬಸ್‌ಸ್ಟ್ಯಾಂಡ್ ಮುಂಭಾಗ, ಜಯದೇವ ಸರ್ಕಲ್, ರಾಮ್ ಅಂಡ್ ಕೋ ಸರ್ಕಲ್ ಎಲ್ಲೆಡೆಯೂ ಅದರ ವೇಗ ಆಟೊದ ವೇಗವೇ. ಇನ್ನು ಮದುವೆ ತಿಂಗಳುಗಳಲ್ಲಿ ಕಲ್ಯಾಣಮಂಟಪಗಳ ಮುಂದೆ ಒಂದಲ್ಲ ಒಂದು ನಿಂತಿರುತ್ತದೆ.

ಚಿತ್ರದುರ್ಗ-ದಾವಣಗೆರೆ ನಡುವಿನ ಹೆಬ್ಬಾಳು ಟೋಲ್ ಹತ್ತಿರ ಕಾರು ನಿಧಾನವಾಗುತ್ತದೆ, ನಿಜ. ಆದರೂ ಆ ಜಾಗ ಬೇಡ. ಲೇನ್‌ಗಳ ನಡುವೆ ನಿಲ್ಲಲು ಸುರಕ್ಷಿತ ಜಾಗವಿಲ್ಲ, ಸಿಬ್ಬಂದಿಯೂ ಎಬ್ಬಿಸುತ್ತಾರೆ, ಮೇಲೆ ಚಾವಣಿಯ ನೆರಳು. ಚಿತ್ರವೂ ಯಾವ ಊರಿನದೆಂದು ಗೊತ್ತಾಗುವುದಿಲ್ಲ.

ಬಿಸಿಲು ಯಾವ ಕಡೆಯಿಂದ

ಇದನ್ನು ಯೋಚಿಸದೆ ಹೋಗಿ ನಿಂತರೆ ದಿನವೇ ಹಾಳು. ಚಿತ್ರದುರ್ಗದಿಂದ ದಾವಣಗೆರೆಗೆ ಹೆದ್ದಾರಿ ಹೆಚ್ಚುಕಮ್ಮಿ ಪಶ್ಚಿಮಕ್ಕೆ, ತುಸು ವಾಯವ್ಯಕ್ಕೆ ವಾಲಿಕೊಂಡು ಸಾಗುತ್ತದೆ. ಊರೊಳಗಿನ ಪಿ.ಬಿ. ರಸ್ತೆಯದೂ ಬಹುಮಟ್ಟಿಗೆ ಅದೇ ದಿಕ್ಕು. ಕಾರುಗಳು ಬೆಳಿಗ್ಗೆ ಪಶ್ಚಿಮಕ್ಕೆ ಹೋಗುತ್ತವೆ, ಸೂರ್ಯ ಪೂರ್ವದಲ್ಲಿ. ಸಂಜೆ ಪೂರ್ವಕ್ಕೆ ಮರಳುತ್ತವೆ, ಸೂರ್ಯ ಪಶ್ಚಿಮದಲ್ಲಿ. ಅಂದರೆ ಹೋಗುವಾಗಲೂ ಬರುವಾಗಲೂ ಬಿಸಿಲು ಕಾರಿನ ಬೆನ್ನಿಗೇ ಬೀಳುತ್ತದೆ, ಮೂತಿ ನೆರಳಲ್ಲಿರುತ್ತದೆ. ಡಿಸೆಂಬರ್‌ನಲ್ಲಂತೂ ಬೆಳಗಿನ ಸೂರ್ಯ ಆಗ್ನೇಯದಲ್ಲಿ ಹುಟ್ಟುವುದರಿಂದ ನೇರ ಕಾರಿನ ಬಾಲದ ಹಿಂದೆ ನಿಂತಿರುತ್ತಾನೆ.

ಇದಕ್ಕೆ ಮೂರು ದಾರಿ. ಮೊದಲನೆಯದು, ಕಾರು ನಿಮ್ಮನ್ನು ದಾಟಿದ ಮೇಲೆ ತೆಗೆಯುವುದು. ಹಿಂಬದಿಯ ಮುಕ್ಕಾಲು ನೋಟದಲ್ಲಿ ಬಿಸಿಲು ಎಂಜಿನ್ ಮುಚ್ಚಳ, ಸೈಲೆನ್ಸರ್, ಅಗಲದ ಟೈರುಗಳ ಮೇಲೆ ಸರಿಯಾಗಿ ಬೀಳುತ್ತದೆ. ಎಂಜಿನ್ ಹಿಂದಿರುವ ಕಾರುಗಳ ಚೆಲುವೂ ಅರ್ಧ ಅಲ್ಲೇ ಇದೆ. ಚಳಿಗಾಲದಲ್ಲಿ ಒಂಬತ್ತು ದಾಟಿದ ಮೇಲೆ ಸೂರ್ಯ ದಕ್ಷಿಣಕ್ಕೆ ಸರಿದಿರುತ್ತಾನೆ. ಆಗ ದಾವಣಗೆರೆ ಕಡೆ ಹೋಗುವ ದಿಕ್ಕಿನ ಎಡಬದಿಯ ಸರ್ವಿಸ್ ರಸ್ತೆಯಲ್ಲಿ ನಿಂತರೆ ಕಾರಿನ ಎಡಮಗ್ಗುಲಿಗೂ ಬೆಳಕು ಸಿಗುತ್ತದೆ. ಎರಡನೆಯದು, ಎದುರು ಬಿಸಿಲನ್ನೇ ಒಪ್ಪಿಕೊಂಡು ಎಕ್ಸ್‌ಪೋಷರ್ ಕಾಂಪನ್ಸೇಷನ್ (ಚಿತ್ರವನ್ನು ಬೆಳಗಿಸುವ, ಕಪ್ಪಾಗಿಸುವ ಹೊಂದಿಕೆ) ಪ್ಲಸ್ 0.7ರಿಂದ 1ರವರೆಗೆ ಏರಿಸುವುದು. ಗಾಡಿಗಳ ಧೂಳಿನಲ್ಲಿ ಬೆಳಕು ತೂರಿ ಬರುವ ಆ ಚಿತ್ರ ಸೊಗಸೇ, ಆದರೆ ಲೆನ್ಸಿಗೆ ಹುಡ್ ಹಾಕದಿದ್ದರೆ ಪೂರ್ತಿ ಬಿಳಿಚಿಕೊಳ್ಳುತ್ತದೆ. ಮೂರನೆಯದು, ಅಡ್ಡ ರಸ್ತೆ ಹಿಡಿಯುವುದು. ದಕ್ಷಿಣಕ್ಕೆ ಹೋಗುವ ಹದಡಿ ರಸ್ತೆಯಂತಹ ಕಡೆ ಬೆಳಿಗ್ಗೆ ಸಂಜೆ ಎರಡೂ ಹೊತ್ತು ಕಾರಿನ ಒಂದು ಮಗ್ಗುಲಿಗೆ ಬಿಸಿಲಿರುತ್ತದೆ. ಚಿತ್ರದುರ್ಗದಲ್ಲಿ ಹಂಪಿ ಕಡೆಯ ಹೆದ್ದಾರಿ ಉತ್ತರಕ್ಕೆ ಹೋಗುವುದರಿಂದ ಬೆಳಿಗ್ಗೆ ಅದರ ಪೂರ್ವ ಬದಿಯಲ್ಲಿ ನಿಂತರೆ ಕಾರಿನ ಬಲಮಗ್ಗುಲು ಬೆಳಗಿರುತ್ತದೆ.

ಹತ್ತೂವರೆಯಿಂದ ಮೂರೂವರೆವರೆಗೆ ನೆತ್ತಿ ಬಿಸಿಲು. ಕಾರಿನ ಮೇಲ್ಭಾಗ ಕಣ್ಣು ಕುಕ್ಕುತ್ತದೆ, ಬಾಗಿಲಿನ ಕೆಳಭಾಗ ಕಪ್ಪು. ಆ ಹೊತ್ತಿಗೆ ಬಂದರೆ ಎತ್ತರದ ಕಟ್ಟಡಗಳ ನೆರಳಿರುವ ಬೀದಿ ನೋಡಿಕೊಳ್ಳಿ. ಮಾರ್ಚ್‌ನಿಂದ ಮೇವರೆಗೆ ಇನ್ನೊಂದು ತೊಂದರೆ ಸೇರುತ್ತದೆ. ಕಾದ ಡಾಂಬರಿನ ಮೇಲಿನ ಬಿಸಿಗಾಳಿಯಿಂದಾಗಿ 50 ಮೀಟರ್ ಆಚೆಯದನ್ನು ಟೆಲಿ ಲೆನ್ಸಿನಲ್ಲಿ ತೆಗೆದರೆ ಅಂಚುಗಳೆಲ್ಲ ನೀರಲ್ಲಿ ಕಂಡಂತೆ ಕದಡುತ್ತವೆ. ಫೋಕಸ್ ಕೆಟ್ಟಿದೆಯೆಂದು ಲೆನ್ಸ್ ಬೈದು ಫಲವಿಲ್ಲ. ಹತ್ತಿರ ಹೋಗಿ, ಇಲ್ಲವೇ ಬೆಳಿಗ್ಗೆ ಬನ್ನಿ.

ದೂರ, ಲೆನ್ಸ್, ಕೂರುವ ಎತ್ತರ

ಕೆಲವು ಅಳತೆಗಳನ್ನು ತಲೆಯಲ್ಲಿಟ್ಟುಕೊಂಡರೆ ಕಾರು ಬರುವ ಮುಂಚೆಯೇ ಚೌಕಟ್ಟು ಸಿದ್ಧವಾಗಿರುತ್ತದೆ. ಲ್ಯಾಂಬೊರ್ಗಿನಿ ಹುರಾಕಾನ್ ಸುಮಾರು 4.46 ಮೀಟರ್ ಉದ್ದ, 1.92 ಮೀಟರ್ ಅಗಲ, ಎತ್ತರ ಬರೀ 1.17 ಮೀಟರ್. ಪೋರ್ಷೆ 911 ಸುಮಾರು 1.3 ಮೀಟರ್ ಎತ್ತರ. ನಮ್ಮ ಪ್ರಯಾಣಿಕರ ಆಟೊ 1.7 ಮೀಟರ್ ಎತ್ತರ, 2.6 ಮೀಟರ್ ಉದ್ದ. ಬಸ್ಸು ಮೂರು ಮೀಟರಿಗೂ ಮೇಲೆ.

ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾಕ್ಕೆ 50 ಎಂಎಂ ಲೆನ್ಸ್ ಹಾಕಿ 10 ಮೀಟರ್ ದೂರದಿಂದ ನೋಡಿದರೆ ಅಡ್ಡಕ್ಕೆ ಸುಮಾರು 7 ಮೀಟರ್ ಹಿಡಿಯುತ್ತದೆ. ಅದಕ್ಕಿಂತ ಚಿಕ್ಕ ಎಪಿಎಸ್-ಸಿ ಸೆನ್ಸರ್ ಆದರೆ 35 ಎಂಎಂನಲ್ಲಿ ಅಷ್ಟೇ ಬರುತ್ತದೆ. ಏಳರಲ್ಲಿ ನಾಲ್ಕೂವರೆ ಕಾರಿಗೆ ಹೋದರೆ ಉಳಿಯುವುದು ಎರಡೂವರೆ ಮೀಟರ್, ಸರಿಯಾಗಿ ಒಂದು ಆಟೊಗೆ ಜಾಗ. ಕಿಟ್‌ನಲ್ಲಿ ಬರುವ 18-55 ಲೆನ್ಸೇ ಇದಕ್ಕೆಲ್ಲ ಸಾಕು.

ಅಪರ್ಚರ್ (ಲೆನ್ಸಿನ ಕಿಂಡಿ, ಎಫ್ ಸಂಖ್ಯೆ ಕಡಿಮೆಯಾದಷ್ಟೂ ಅಗಲ) ವಿಚಾರದಲ್ಲಿ ಹೊಸಬರೆಲ್ಲ ಎಫ್ 1.8ಕ್ಕೆ ಜೋತುಬೀಳುತ್ತಾರೆ. ಈ ಕೆಲಸಕ್ಕೆ ಅದು ಕೂಡದು. ಮೇಲೆ ಹೇಳಿದ 50 ಎಂಎಂ, 10 ಮೀಟರ್ ಲೆಕ್ಕದಲ್ಲೇ ಎಫ್ 1.8 ಇಟ್ಟರೆ 8ರಿಂದ 13 ಮೀಟರ್ ನಡುವಿನದು ಮಾತ್ರ ಚೂಪು. ಹಿಂದಿನ ಬಸ್ಸು ಕೆಂಪು ಕಲೆಯಾಗುತ್ತದೆ, ಅಂಗಡಿ ಬೋರ್ಡಿನ ಅಕ್ಷರ ಕಾಣುವುದಿಲ್ಲ. ಎಫ್ 5.6 ಇಟ್ಟರೆ 6ರಿಂದ 30 ಮೀಟರ್‌ವರೆಗೆ ಎಲ್ಲವೂ ಓದುವಂತಿರುತ್ತದೆ. ಬೋರ್ಡಿನ ಮೇಲೆ ‘ದಾವಣಗೆರೆ’ ಎಂದು ಓದಲು ಬಂದರೆ ಅಡಿಬರಹವೇ ಬೇಕಿಲ್ಲ. ಆದ್ದರಿಂದ ಹಗಲಿನಲ್ಲಿ ಎಫ್ 5.6ರಿಂದ 8.

70-200ರಂತಹ ಉದ್ದ ಲೆನ್ಸಿನ ಉಪಯೋಗ ಬೇರೆ. ಕಾರಿನ 20 ಮೀಟರ್ ಹಿಂದೆ ಬಸ್ಸೊಂದು ಬರುತ್ತಿದೆ ಎನ್ನಿ. 50 ಎಂಎಂನಲ್ಲಿ 10 ಮೀಟರ್‌ನಿಂದ ತೆಗೆದರೆ, ಕಾರಿನ ಪಕ್ಕವೇ ಇದ್ದಿದ್ದರೆ ಕಾಣುತ್ತಿದ್ದ ಗಾತ್ರದ ಮೂರನೇ ಒಂದು ಪಾಲಿನಷ್ಟು ಮಾತ್ರ ಬಸ್ಸು ಕಾಣುತ್ತದೆ. 200 ಎಂಎಂನಲ್ಲಿ 40 ಮೀಟರ್‌ನಿಂದ ತೆಗೆದರೆ ಕಾರಿನ ಗಾತ್ರ ಅಷ್ಟೇ ಇರುತ್ತದೆ, ಬಸ್ಸು ಮಾತ್ರ ಮೂರನೇ ಎರಡು ಪಾಲಿಗೆ ಏರಿ ಕಾರಿನ ಮೈಮೇಲೆ ಬಂದಂತೆ ತೋರುತ್ತದೆ. ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳನ್ನು, ಬಂಡೆಗಳ ಸಾಲನ್ನು ಕಾರಿನ ಹಿಂದಕ್ಕೆ ಎಳೆದು ತರಲೂ ಇದೇ ಉಪಾಯ. ತೊಂದರೆಯೆಂದರೆ ನಡುವಿನ 40 ಮೀಟರ್‌ನಲ್ಲಿ ಬೈಕುಗಳು ಅಡ್ಡ ಬರುತ್ತಲೇ ಇರುತ್ತವೆ. ಆಟೊಫೋಕಸ್ ಅವುಗಳಿಗೆ ಹಾರದಂತೆ ಟ್ರ್ಯಾಕಿಂಗ್ ಸೆನ್ಸಿಟಿವಿಟಿಯನ್ನು ತೀರಾ ಕಡಿಮೆಗೆ ಇಳಿಸಿ.

ಎತ್ತರವೂ ಮುಖ್ಯ. ನಿಂತು ತೆಗೆದರೆ ಕಣ್ಣು ಕಾರಿನ ಟಾಪಿಗಿಂತ ಒಂದಡಿ ಮೇಲಿರುತ್ತದೆ, ಲಕ್ಷಾಂತರ ಸುರಿದ ಡಿಸೈನು ಚಪ್ಪಟೆಯಾಗಿ ಕಾಣುತ್ತದೆ. ಕುಕ್ಕರಗಾಲಿನಲ್ಲಿ ಕೂತು ಕ್ಯಾಮೆರಾವನ್ನು ನೆಲದಿಂದ 50-60 ಸೆಂ.ಮೀ.ಗೆ, ಅಂದರೆ ಹೆಡ್‌ಲೈಟಿನ ಮಟ್ಟಕ್ಕೆ ತನ್ನಿ. ಮಡಚುವ ಸ್ಕ್ರೀನ್ ಇದ್ದರೆ ಮೊಣಕಾಲಿಗೆ ಆಸರೆ ಕೊಟ್ಟರೆ ಸಾಕು. ಅದಕ್ಕಿಂತ ಕೆಳಗಿಳಿದು ನೆಲಕ್ಕೇ ಇಟ್ಟರೆ ಎದುರಿನ ಬೈಕಿನ ಚಕ್ರವೇ ಕಾರನ್ನು ನುಂಗಿಬಿಡುತ್ತದೆ.

ಹಂಪ್ ಹತ್ತಿರ ಸಿಗುವ ಮೂರು ಸೆಕೆಂಡು

ಊರೊಳಗೆ ಒಂದೇ ಜಾಗ ಆರಿಸಿಕೊಳ್ಳಬೇಕೆಂದರೆ ರೋಡ್ ಹಂಪ್ ಆರಿಸಿ. ಸೂಪರ್‌ಕಾರಿನ ಹೊಟ್ಟೆಗೂ ನೆಲಕ್ಕೂ ನಡುವೆ ಇರುವುದು ಸುಮಾರು ಅರ್ಧ ಗೇಣು. ನಮ್ಮ ಹಂಪುಗಳ ಎತ್ತರ ಕಂಡ ಚಾಲಕ ಮೊದಲು ಬ್ರೇಕ್ ಒತ್ತುತ್ತಾನೆ. ಲಿಫ್ಟ್ ವ್ಯವಸ್ಥೆ ಇರುವ ಕಾರಾದರೆ ಗುಂಡಿ ಒತ್ತಿ ಮೂತಿಯನ್ನು ಸುಮಾರು 40 ಮಿ.ಮೀ. ಎತ್ತುತ್ತಾನೆ, ಅದು ಏರುವುದು ಬರಿಗಣ್ಣಿಗೇ ಕಾಣುತ್ತದೆ. ಆಮೇಲೆ ಸ್ಟಿಯರಿಂಗ್ ತಿರುಗಿಸಿ ಕಾರನ್ನು ಓರೆ ಮಾಡಿ ಒಂದೊಂದೇ ಚಕ್ರ ಹತ್ತಿಸುತ್ತಾನೆ. ವೇಗ ನಡೆಯುವವರಷ್ಟೇ. ಅಷ್ಟರಲ್ಲಿ ಹಿಂದಿನ ಆಟೊದವನು ಹಾರ್ನ್ ಮೇಲೆ ಕೈ ಇಟ್ಟಿರುತ್ತಾನೆ, ಎರಡೂ ಬದಿಯಿಂದ ಬೈಕುಗಳು ನುಗ್ಗುತ್ತಿರುತ್ತವೆ, ಹಿಂಬದಿ ಸೀಟಿನವರು ಫೋನ್ ಎತ್ತಿರುತ್ತಾರೆ. ಓರೆಯಾದ ಕಾರು, ಎದ್ದ ಮೂತಿ, ಮುತ್ತಿದ ಟ್ರಾಫಿಕ್ ಮೂರೂ ಒಂದೇ ಚೌಕಟ್ಟಿನಲ್ಲಿ ಮೂರ್ನಾಲ್ಕು ಸೆಕೆಂಡು ಸಿಗುತ್ತವೆ.

ಅದಕ್ಕೆ ಸಿದ್ಧತೆ ಹೀಗೆ:

1. ಹಂಪ್ ದಾಟಿ 8-10 ಮೀಟರ್ ಮುಂದೆ, ಎಡಗಡೆ ಫುಟ್‌ಪಾತ್ ಮೇಲೆ ಕೂರಿ. ಹಿಂದೆ ಚರಂಡಿ ಚಪ್ಪಡಿ ಬಾಯ್ಬಿಟ್ಟಿದೆಯೇ ಎಂದು ಮೊದಲೇ ನೋಡಿಕೊಳ್ಳಿ. ವ್ಯೂಫೈಂಡರಿನಲ್ಲಿ ಕಣ್ಣಿಟ್ಟು ಹಿಂದೆ ಸರಿಯುವವರಿಗೆ ಅದೇ ಗುಂಡಿ.

2. ಹಂಪಿನ ಬಿಳಿ ಪಟ್ಟೆಯ ಮೇಲೆ ಫೋಕಸ್ ಮಾಡಿ ಮ್ಯಾನುಯಲ್‌ಗೆ ಬದಲಿಸಿ. ಕಾರು ನಿಖರವಾಗಿ ಅಲ್ಲಿಗೇ ಬರಬೇಕು, ಕ್ಯಾಮೆರಾ ಹುಡುಕಾಡುವುದು ಬೇಡ.

3. ಷಟರ್ 250ರಲ್ಲಿ ಒಂದು ಸೆಕೆಂಡು (1/250), ಎಫ್ 6.3, ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) ಆಟೊ, ಮೇಲ್ಮಿತಿ 1600. ನಿರಂತರ ಶೂಟಿಂಗ್ ಆನ್ ಇರಲಿ.

4. ಮೊದಲು ಬರುವ ಆಟೊ, ಆಮ್ನಿ, ಬಸ್ಸುಗಳ ಮೇಲೆ ಪರೀಕ್ಷೆ ಮಾಡಿ. ಬಸ್ಸಿನ ತಲೆ ಕತ್ತರಿಸಿಹೋಗುತ್ತಿದ್ದರೆ ಎರಡು ಹೆಜ್ಜೆ ಹಿಂದಕ್ಕೆ ಹೋಗಿ.

5. ಮುಂದಿನ ಚಕ್ರ ಹಂಪಿನ ನೆತ್ತಿಗೆ ಬಂದಾಗ ಶುರು ಮಾಡಿ, ಹಿಂದಿನ ಚಕ್ರ ಇಳಿಯುವವರೆಗೆ ಬಿಡಬೇಡಿ.

ಚಕ್ರ ತಿರುಗಿರುವ ದಿಕ್ಕನ್ನೂ ಗಮನಿಸಿ. ಮುಂದಿನ ಚಕ್ರ ನಿಮ್ಮಿಂದ ಆಚೆಗೆ ತಿರುಗಿದ್ದರೆ ರಿಮ್ಮಿನ ಮುಖ, ಬ್ರೇಕ್ ಕ್ಯಾಲಿಪರಿನ ಬಣ್ಣ ಕಾಣುತ್ತವೆ. ನಿಮ್ಮತ್ತ ತಿರುಗಿದ್ದರೆ ಕಾಣುವುದು ಟೈರಿನ ಕಪ್ಪು ಪಟ್ಟಿ ಮಾತ್ರ. ಎಡಗಡೆ ಕೂತವರಿಗೆ, ಕಾರು ಬಲಕ್ಕೆ ಓರೆಯಾದರೆ ಲಾಭ.

ಓಡುವ ಕಾರು ಓಡಿದಂತೆ ಕಾಣಲು

2000ದಲ್ಲಿ ಒಂದು ಸೆಕೆಂಡಿನ ಷಟರಿನಲ್ಲಿ 40 ಕಿ.ಮೀ. ವೇಗದ ಕಾರು ಅರ್ಧ ಸೆಂಟಿಮೀಟರ್ ಮಾತ್ರ ಸಾಗಿರುತ್ತದೆ. ಚಕ್ರದ ಕಡ್ಡಿಗಳೆಲ್ಲ ನಿಂತು, ರಸ್ತೆ ಮಧ್ಯೆ ಯಾರೋ ಪಾರ್ಕ್ ಮಾಡಿ ಹೋದ ಹಾಗೆ ಕಾಣುತ್ತದೆ. 30ರಲ್ಲಿ ಒಂದು ಸೆಕೆಂಡಿಗೆ ಇಳಿಸಿದರೆ ಅದೇ ಕಾರು ಸುಮಾರು 37 ಸೆಂ.ಮೀ. ಸಾಗುತ್ತದೆ, ಚಕ್ರ ಆರನೇ ಒಂದು ಸುತ್ತು ಉರುಳುತ್ತದೆ. ಆ ಅವಧಿಯಲ್ಲಿ ಕ್ಯಾಮೆರಾವನ್ನೂ ಕಾರಿನ ಜೊತೆಗೇ ತಿರುಗಿಸಿದರೆ ಕಾರು ಚೂಪು, ಊರು ಗೆರೆಗೆರೆ. ಇದೇ ಪ್ಯಾನಿಂಗ್.

ಷಟರ್ ಆರಿಸುವ ಲೆಕ್ಕ ಸುಲಭ. ಕಾರಿನ ವೇಗ 20 ಕಿ.ಮೀ. ಇದ್ದರೆ 15 ಅಥವಾ 20ರಲ್ಲಿ ಒಂದು ಸೆಕೆಂಡು, 40 ಇದ್ದರೆ 30 ಅಥವಾ 40ರಲ್ಲಿ ಒಂದು, 60 ಇದ್ದರೆ 60ರಲ್ಲಿ ಒಂದು. ಕೈ ಪಳಗುವವರೆಗೆ ಒಂದು ಹಂತ ವೇಗವಾಗಿಯೇ ಇಟ್ಟುಕೊಳ್ಳಿ. ಕಾಲು ಅಗಲಿಸಿ, ಕಾರು ನಿಮ್ಮ ನೇರಕ್ಕೆ ಬರುವ ಜಾಗದತ್ತ ಪಾದ ಮಾಡಿ ನಿಂತು, ಸೊಂಟದ ಮೇಲಿನ ಭಾಗವನ್ನು ಮಾತ್ರ ತಿರುಗಿಸಿ. ಕಾರು ದೂರದಲ್ಲಿರುವಾಗಲೇ ಹಿಂಬಾಲಿಸಲು ಶುರು ಮಾಡಿ, ನೇರಕ್ಕೆ ಬಂದಾಗ ಒತ್ತಿ, ಒತ್ತಿದ ಮೇಲೂ ತಿರುಗಿಸುತ್ತಲೇ ಇರಿ. ಒತ್ತಿದೊಡನೆ ಕೈ ನಿಲ್ಲಿಸುವುದರಿಂದಲೇ ಹೆಚ್ಚು ಚಿತ್ರಗಳು ಕೆಡುವುದು. ಹತ್ತರಲ್ಲಿ ಒಂದೋ ಎರಡೋ ಚೂಪಾಗಿ ಬಂದರೆ ಕೈ ಚೆನ್ನಾಗಿದೆ ಎಂದೇ ಅರ್ಥ. ಸಿಟಿ ಬಸ್ಸು, ಆಟೊಗಳ ಮೇಲೆ ವಾರಗಟ್ಟಲೆ ಅಭ್ಯಾಸ ಮಾಡಲು ಯಾರೂ ಕಾಸು ಕೇಳುವುದಿಲ್ಲ.

ಕೆಡುವ ಬಗೆಗಳನ್ನು ನೋಡಿದರೆ ಕಾರಣ ತಿಳಿಯುತ್ತದೆ. ಮೂತಿ ಚೂಪಾಗಿ ಬಾಲ ಮಸುಕಾಗಿದ್ದರೆ ತೀರಾ ಹತ್ತಿರ ನಿಂತಿದ್ದೀರಿ, ಅಥವಾ ಕಾರು ನೇರಕ್ಕೆ ಬರುವ ಮುಂಚೆಯೇ ಒತ್ತಿದ್ದೀರಿ. ಹಿಂದೆ ಸರಿದು ಉದ್ದ ಲೆನ್ಸ್ ಹಾಕಿ. ಮೇಲೆ ಕೆಳಗೆ ಜೋಡಿ ಅಂಚು ಕಂಡರೆ ಕೈ ಕುಲುಕಿದೆ. ಲೆನ್ಸಿನಲ್ಲಿ ಪ್ಯಾನಿಂಗ್‌ಗೆಂದೇ ಸ್ಟೆಬಿಲೈಸರ್ (ಅದುರು ತಡೆಯುವ) ಮೋಡ್ ಇದ್ದರೆ ಹಾಕಿ, ಇಲ್ಲದಿದ್ದರೆ ಸ್ಟೆಬಿಲೈಸರನ್ನೇ ಆಫ್ ಮಾಡಿ ನೋಡಿ. ಕಾರು ಒಂದು ಕಡೆಗೆ ವಾಲಿ ಚಕ್ರ ಮೊಟ್ಟೆಯಾಕಾರ ಆಗಿದ್ದರೆ ಸದ್ದಿಲ್ಲದ ಎಲೆಕ್ಟ್ರಾನಿಕ್ ಷಟರ್ ಆನ್ ಇದೆ, ಮೆಕ್ಯಾನಿಕಲ್‌ಗೆ ಬದಲಿಸಿ.

ಇನ್ನೊಂದು ಗಂಟು ಬಿಸಿಲಿನದು. ಖಡಕ್ ಬಿಸಿಲಿನಲ್ಲಿ ಐಎಸ್‌ಒ 100, ಎಫ್ 16ಕ್ಕೆ ಸರಿಯಾಗುವ ಷಟರ್ 100ರಲ್ಲಿ ಒಂದು ಸೆಕೆಂಡು. 25ಕ್ಕೆ ಇಳಿಸಬೇಕೆಂದರೆ ಎಫ್ 32 ಬೇಕು, ಬಹಳ ಲೆನ್ಸುಗಳಲ್ಲಿ ಅದಿಲ್ಲ. ಇದ್ದರೂ ಚಿತ್ರ ಮೊಂಡಾಗಿ, ಸೆನ್ಸರಿನ ಮೇಲಿನ ಧೂಳೆಲ್ಲ ಆಕಾಶದಲ್ಲಿ ಚುಕ್ಕೆಯಾಗಿ ಮೂಡುತ್ತದೆ. ಬೆಳಕನ್ನು ಮೂರು ಸ್ಟಾಪ್, ಅಂದರೆ ಎಂಟನೇ ಒಂದು ಪಾಲಿಗೆ ತಗ್ಗಿಸುವ ಎನ್‌ಡಿ 8 ಫಿಲ್ಟರ್ ಹಾಕಿದರೆ ಎಫ್ 11ರಲ್ಲೇ ಕೆಲಸ ಮುಗಿಯುತ್ತದೆ.

ಪ್ಯಾನಿಂಗ್‌ನಲ್ಲಿ ಟ್ರಾಫಿಕ್ ಅಡ್ಡಿಯೆಂದು ಗೊಣಗುವವರು ಒಂದು ಗುಟ್ಟು ಮರೆಯುತ್ತಾರೆ. ಕಾರಿನ ಜೊತೆಗೆ ಅದೇ ವೇಗದಲ್ಲಿ ಓಡುವ ಗಾಡಿಯೂ ಚೂಪಾಗಿಯೇ ಬರುತ್ತದೆ. ಮೂರು ಜನ ಕೂತ ಸ್ಪ್ಲೆಂಡರ್ ಫೆರಾರಿಗೆ ಸರಿಸಮವಾಗಿ ಓಡುತ್ತ, ಹಿಂದಿನ ಅಂಗಡಿಸಾಲು ಬಣ್ಣದ ಗೆರೆಯಾಗಿರುವ ಚಿತ್ರ ಬೇಕಾದರೆ ಆ ಬೈಕು ಕಾರಿನ ಮಗ್ಗುಲಿಗೆ ಬರುವ ಕ್ಷಣಕ್ಕೇ ಹೊಂಚು ಹಾಕಿ. ಬೈಕು ಕಾರಿನ ಆಚೆ ಮಗ್ಗುಲಲ್ಲಿದ್ದರೆ ಒಳ್ಳೆಯದು. ಕಾರಿನ ಎತ್ತರ ಕಡಿಮೆಯಾದ್ದರಿಂದ ಸವಾರರು ಎದೆಯಿಂದ ಮೇಲಕ್ಕೆ ಟಾಪಿನ ಮೇಲಿಂದ ಕಾಣುತ್ತಾರೆ.

ಸಿಗ್ನಲ್ಲಿನಲ್ಲಿ ನಿಂತಾಗ

ಇಲ್ಲಿ ಲೆಕ್ಕ ತಿರುಗುಮುರುಗು. ಕಾರು ನಿಂತಿರುತ್ತದೆ, ಊರು ಓಡುತ್ತಿರುತ್ತದೆ. ಸೂರ್ಯ ಮುಳುಗಿದ ಮೇಲೆ ಎಫ್ 8 ಇಟ್ಟು, ಷಟರ್ ಸುಮಾರು ಕಾಲು ಸೆಕೆಂಡಿಗೆ ಬರುವಂತೆ ಐಎಸ್‌ಒ ಹೊಂದಿಸಿ. ನವೆಂಬರ್‌ನಲ್ಲಿ ಸೂರ್ಯಾಸ್ತ ಆರರೊಳಗೇ, ಜೂನ್ ಕೊನೆಗೆ ಏಳರ ಹತ್ತಿರ. ಕಾಲು ಸೆಕೆಂಡಿನಲ್ಲಿ ಕೆಂಪು ದೀಪಕ್ಕೆ ನಿಂತ ಕಾರು ಅಲುಗದೆ ಬಂದು, ಅಡ್ಡ ರಸ್ತೆಯ ಬೈಕು ಆಟೊಗಳು ಹರಿದುಹೋದಂತೆ ಕಾಣುತ್ತವೆ.

ಫುಟ್‌ಪಾತಿನಲ್ಲಿ ಟ್ರೈಪಾಡ್ ಬಿಡಿಸಿದರೆ ಓಡಾಡುವವರಿಗೆ ತೊಡಕು, ನಾಲ್ಕು ಜನ ಸುತ್ತ ಸೇರುತ್ತಾರೆ. ಅದರ ಬದಲು ಬಟ್ಟೆಯ ಚೀಲಕ್ಕೆ ಒಂದು ಕೆ.ಜಿ. ಅಕ್ಕಿ ತುಂಬಿ ಬಾಯಿ ಹೊಲಿದು, ಕಾಂಪೌಂಡ್ ಗೋಡೆಯ ಮೇಲೋ ನಿಲ್ಲಿಸಿದ ಬೈಕಿನ ಸೀಟಿನ ಮೇಲೋ ಇಟ್ಟು ಅದರಲ್ಲಿ ಕ್ಯಾಮೆರಾ ಹುದುಗಿಸಿ. ಮಂಡಕ್ಕಿ ತುಂಬಿದರೆ ಹೊರಲು ಹಗುರ, ಆದರೆ ಕ್ಯಾಮೆರಾ ನಿಲ್ಲುವುದಿಲ್ಲ. ಎರಡು ಸೆಕೆಂಡಿನ ಟೈಮರ್ ಹಾಕಿ, ಬೆರಳಿನ ಅದುರು ತಪ್ಪುತ್ತದೆ. ಎಂಜಿನ್ ಅದುರಿನಿಂದ ಕಾರೇ ಮಸುಕಾಗುತ್ತಿದ್ದರೆ ಎಂಟರಲ್ಲಿ ಒಂದು ಸೆಕೆಂಡಿಗೆ ಏರಿಸಿ.

ದೀಪಗಳ ಕಾಟ ಶುರುವಾಗುವುದೂ ಈ ಹೊತ್ತಿಗೇ. ನಮ್ಮ ಕರೆಂಟು 50 ಹರ್ಟ್ಜ್, ಅದರಲ್ಲಿ ಉರಿಯುವ ಬೀದಿ ದೀಪಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. 500ರಲ್ಲಿ ಒಂದು ಸೆಕೆಂಡಿನಲ್ಲಿ ಸಾಲಾಗಿ ತೆಗೆದರೆ ಒಂದು ಚಿತ್ರ ಬೆಳ್ಳಗೆ, ಮುಂದಿನದು ಕಪ್ಪಗೆ, ನಡುವೆ ಪಟ್ಟೆ. 100 ಅಥವಾ 50ರಲ್ಲಿ ಒಂದು ಸೆಕೆಂಡು ಇಟ್ಟರೆ ಸರಿಹೋಗುತ್ತದೆ. ಕಾರಿನ ಎಲ್‌ಇಡಿ ಡಿಆರ್‌ಎಲ್‌ಗಳೂ (ಹಗಲಲ್ಲೂ ಉರಿಯುವ ಮುಂದಿನ ದೀಪಗಳು) ಹೀಗೆಯೇ, ವೇಗದ ಷಟರಿನಲ್ಲಿ ಒಂದು ಕಣ್ಣು ಸತ್ತಂತೆ ಕಾಣಬಹುದು. ಬಸ್ಸಿನ ಎಲ್‌ಇಡಿ ಬೋರ್ಡಿನಲ್ಲಿ ಸಾಲುಗಳು ಒಂದಾದ ಮೇಲೊಂದು ಉರಿಯುವುದರಿಂದ ಊರಿನ ಹೆಸರು ಪೂರ್ತಿ ಬರಬೇಕೆಂದರೆ 60ಕ್ಕಿಂತ ವೇಗ ಬೇಡ.

ಬಣ್ಣ ಮತ್ತು ಹೊಳಪು

ಕಪ್ಪು ಕಾರು ಚೌಕಟ್ಟು ತುಂಬಿದರೆ ಕ್ಯಾಮೆರಾ ಕತ್ತಲೆಂದು ತಿಳಿದು ಬೂದು ಮಾಡುತ್ತದೆ, ಮೈನಸ್ 0.7 ಕೊಡಿ. ಬಿಳಿ ಕಾರಿಗೆ ಪ್ಲಸ್ 0.7. ಕೆಂಪು, ಕಿತ್ತಳೆ, ಹಳದಿಯದು ಬೇರೆ ಸಮಸ್ಯೆ. ಒಟ್ಟು ಹಿಸ್ಟೊಗ್ರಾಮ್ (ಚಿತ್ರದ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಸರಿ ಕಂಡರೂ ಕೆಂಪು ಚಾನೆಲ್ ಮಾತ್ರ ಗೋಡೆಗೆ ಬಡಿದಿರುತ್ತದೆ, ಬಾನೆಟ್ಟಿನ ಉಬ್ಬು ತಗ್ಗೆಲ್ಲ ಮಾಯವಾಗಿ ಬಣ್ಣದ ಕಾಗದ ಅಂಟಿಸಿದಂತಾಗುತ್ತದೆ. ಆರ್‌ಜಿಬಿ ಹಿಸ್ಟೊಗ್ರಾಮ್ ಆನ್ ಮಾಡಿ ಮೈನಸ್ 0.3ರಿಂದ 0.7ರ ನಡುವೆ ಇರಿಸಿ, ರಾ (ಕ್ಯಾಮೆರಾ ಸಂಸ್ಕರಿಸದ) ಫೈಲಿನಲ್ಲೇ ತೆಗೆಯಿರಿ. ಹಳದಿ ಕಾರಿನ ಪಕ್ಕ ಹಳದಿ ಟಾಪಿನ ಆಟೊ ನಿಂತರೆ ಬಿಡಲೇಬೇಡಿ.

ಪೋಲರೈಸರ್ ಫಿಲ್ಟರ್ ಗಾಜಿನ ಪ್ರತಿಬಿಂಬ ತೆಗೆಯುತ್ತದೆ, ಬದಲಿಗೆ ಒಂದೂವರೆಯಿಂದ ಎರಡು ಸ್ಟಾಪ್ ಬೆಳಕು ತಿನ್ನುತ್ತದೆ. ಅದನ್ನು ಪೂರ್ತಿ ತಿರುಗಿಸಿದರೆ ಬಾನೆಟ್ಟಿನಲ್ಲಿ ಮೂಡಿದ ಅಂಗಡಿ ಬೋರ್ಡು, ಬಗ್ಗಿ ನೋಡುವ ಜನ ಎಲ್ಲ ಅಳಿಸಿಹೋಗುತ್ತಾರೆ. ನಮಗೆ ಬೇಕಿರುವುದೇ ಆ ಪ್ರತಿಬಿಂಬ. ಮುಂಗಾಜಿನ ಹೊಳಪು ತಗ್ಗುವಷ್ಟು ಮಾತ್ರ ತಿರುಗಿಸಿ ನಿಲ್ಲಿಸಿ. ಪಕ್ಕದ, ಹಿಂದಿನ ಟಫನ್ಡ್ ಗಾಜಿನಲ್ಲಿ ಚುಕ್ಕಿ ಚುಕ್ಕಿ ವಿನ್ಯಾಸ ಕಂಡರೆ ಗಾಬರಿ ಬೇಡ, ಪೋಲರೈಸರ್ ಹಾಕಿದಾಗ ಅದು ಹಾಗೇ ಕಾಣುವುದು.

ಫೋನ್ ಮಾತ್ರ ಇದ್ದರೆ

ಮುಖ್ಯ ಕ್ಯಾಮೆರಾ ವೈಡ್ ಆದ್ದರಿಂದ ಹತ್ತಿರ ಹೋದಷ್ಟೂ ಮೂತಿ ಊದಿಕೊಳ್ಳುತ್ತದೆ. 2ಎಕ್ಸ್ ಅಥವಾ 3ಎಕ್ಸ್ ಲೆನ್ಸ್ ಹಾಕಿ ಹಿಂದೆ ಸರಿಯಿರಿ. ಹಂಪಿನ ಮೇಲೆ ಬೆರಳನ್ನು ಒತ್ತಿ ಹಿಡಿದು ಫೋಕಸ್ ಮತ್ತು ಎಕ್ಸ್‌ಪೋಷರ್ ಲಾಕ್ ಮಾಡಿ. ಪೋರ್ಟ್ರೇಟ್ ಮೋಡ್ ಬೇಡ, ಅದು ಕನ್ನಡಿ, ಸ್ಪಾಯ್ಲರ್‌ಗಳ ಅಂಚನ್ನು ಕಡಿದುಹಾಕುತ್ತದೆ. ಪ್ರೊ ಮೋಡ್‌ನಲ್ಲಿ ಷಟರ್ 40ಕ್ಕೆ ಇಟ್ಟು ಹಗಲಲ್ಲಿ ಪ್ಯಾನಿಂಗ್ ಮಾಡಲು ಹೋದರೆ ಚಿತ್ರ ಪೂರ್ತಿ ಬೆಳ್ಳಗಾಗುತ್ತದೆ. ಎಫ್ 1.8 ಅಪರ್ಚರ್ ಕದಲುವುದಿಲ್ಲ, ಬಿಸಿಲಿಗೆ ಐಎಸ್‌ಒ 50ರಲ್ಲೂ 4000ದಲ್ಲಿ ಒಂದು ಸೆಕೆಂಡು ಬೇಕು. ಕ್ಲಿಪ್ ಎನ್‌ಡಿ ಫಿಲ್ಟರ್ ಹಾಕಿ, ಇಲ್ಲವೇ ಸಂಜೆಗೆ ಕಾಯಿರಿ. ಪಿಕ್ಸೆಲ್‌ನಲ್ಲಿ ಆ್ಯಕ್ಷನ್ ಪ್ಯಾನ್, ಐಫೋನಿನ ಲೈವ್ ಫೋಟೊದಲ್ಲಿ ಲಾಂಗ್ ಎಕ್ಸ್‌ಪೋಷರ್ ಇವೆ, ಸುಮಾರಾಗಿ ಕೆಲಸ ಮಾಡುತ್ತವೆ. ಹಂಪಿನ ದೃಶ್ಯವನ್ನು 4ಕೆ ವಿಡಿಯೊ ತೆಗೆದು ಆಮೇಲೆ ಒಂದು ಫ್ರೇಮ್ ಆರಿಸಬಹುದು, ಎಂಟು ಮೆಗಾಪಿಕ್ಸೆಲ್‌ಗೆ ಮೋಸವಿಲ್ಲ.

ರಸ್ತೆಯಲ್ಲಿ ನಡೆದುಕೊಳ್ಳುವುದು

ಹೆದ್ದಾರಿಯ ಡಿವೈಡರ್ ಮೇಲೆ ನಿಲ್ಲಬೇಡಿ, ಕಾರಿನ ಹಿಂದೆ ಬೈಕ್ ಓಡಿಸಿಕೊಂಡು ಫೋನ್ ಎತ್ತಬೇಡಿ. ‘ಒಂದ್ಸಲ ರೇಸ್ ಮಾಡಿ ಸರ್’ ಎಂದು ಕೂಗುವವರಿಂದಲೇ ಎಷ್ಟೋ ಚಾಲಕರು ಊರೊಳಗೆ ಕಾರು ನಿಲ್ಲಿಸದೆ ಹೋಗುವುದು. ದೋಸೆ ಅಂಗಡಿ ಮುಂದೆ ನಿಲ್ಲಿಸಿದ್ದರೆ ಅವರು ತಿಂದು ಕೈ ತೊಳೆದು ಬರುವವರೆಗೆ ತಾಳಿ, ‘ಸರ್, ಒಂದೆರಡು ಫೋಟೊ ತಗೊಳ್ಲಾ?’ ಎಂದು ಕೇಳಿ. ಹೆಚ್ಚಿನವರು ಬಾಗಿಲನ್ನೂ ತೆಗೆದು ತೋರಿಸುತ್ತಾರೆ. ಬಾಡಿ ಮುಟ್ಟಬೇಡಿ. ಜೀನ್ಸಿನ ಗುಂಡಿ ತಾಗಿದರೂ ಪೇಂಟಿಗೆ ಗೀರು. ನೀವು ಕ್ಯಾಮೆರಾ ಎತ್ತಿದ್ದು ಕಂಡು ಪಕ್ಕದ ಆಟೊದವರು ಅಡ್ಡವಾಯಿತೆಂದು ಗಾಡಿ ಸರಿಸಲು ಹೊರಡುತ್ತಾರೆ. ‘ಅಣ್ಣ, ಅಲ್ಲೇ ಇರ್ರಿ, ನೀವೂ ಬರ್ಬೇಕು’ ಎಂದುಬಿಡಿ.

ಚಿತ್ರದುರ್ಗದ ಕೋಟೆಯೊಳಗಿಂದ ಊರ ರಸ್ತೆ ತೆಗೆಯುವ ಯೋಚನೆ ಇದ್ದರೆ, ಪುರಾತತ್ತ್ವ ಇಲಾಖೆಯ ಜಾಗವಾದ್ದರಿಂದ ಟ್ರೈಪಾಡಿಗೆ ಅನುಮತಿ ಬೇಕಾಗುತ್ತದೆ. ಕೈಯಲ್ಲೇ ಹಿಡಿದು ತೆಗೆಯಿರಿ.

ತಿದ್ದುವಾಗ

ಓರೆ ದಿಗಂತ ನೇರ ಮಾಡಿ, ಲೆನ್ಸ್ ಕರೆಕ್ಷನ್ ಹಾಕಿ, ನೆರಳನ್ನು ತುಸು ಎತ್ತಿ. ಕೇಬಲ್ಲು, ಫ್ಲೆಕ್ಸು, ಹಸು ಯಾವುದನ್ನೂ ಅಳಿಸಬೇಡಿ. ಧೂಳಿನ ಸಂಜೆಯಲ್ಲಿ ಕ್ಯಾಮೆರಾದ ಆಟೊ ವೈಟ್ ಬ್ಯಾಲೆನ್ಸ್ ಚಿತ್ರದ ಬಣ್ಣವನ್ನು ನೀಲಿಗೆ ಎಳೆಯುತ್ತದೆ, 5500 ಕೆಲ್ವಿನ್ ಆಸುಪಾಸಿಗೆ ತಂದು ನಿಲ್ಲಿಸಿ. ಕ್ರಾಪ್ ಮಾಡುವಾಗ ಕಾರಿನ ಮುಂದೆ ಅದು ಸಾಗಲು ಜಾಗ ಬಿಡಿ, ಆಟೊದ ಅರ್ಧ ಚಕ್ರ ಕತ್ತರಿಸಬೇಡಿ. ಹಂಚುವ ಮುನ್ನ ನಂಬರ್ ಪ್ಲೇಟ್ ಮಸುಕು ಮಾಡಿ. ಕಾರಿನದು ಮಾತ್ರ ಸಾಲದು, ಪಕ್ಕದ ಬೈಕಿನದೂ, ಅಂಗಡಿ ಗಾಜಿನಲ್ಲಿ ತಿರುಗುಮುರುಗಾಗಿ ಮೂಡಿದ್ದೂ ಸೇರಿ. ಕೆಎ 17 (ದಾವಣಗೆರೆ), ಕೆಎ 16 (ಚಿತ್ರದುರ್ಗ) ಎಂಬಷ್ಟನ್ನು ಬಿಟ್ಟು ಉಳಿದದ್ದನ್ನು ಮುಚ್ಚಿದರೆ ಊರೂ ಉಳಿಯುತ್ತದೆ. ಮನೆ ಮುಂದೆ ನಿಂತ ಕಾರಾದರೆ ಫೈಲಿನಲ್ಲಿ ಸೇರಿರುವ ಜಿಪಿಎಸ್ ಲೊಕೇಷನ್ ತೆಗೆದೇ ಹಾಕಿ.